ಹಸಿರಮ್ಮನ ಮೇಲೆ ಕೆಂಗಣ್ಣು

(ಅಮೆರಿಕದ ಒಂದು ಕಾಮಿಕ್ಸ್ ಅಂಗಡಿ. 2022ರ ಅಕ್ಟೋಬರ್. ಹಸಿರು ಮೈಯ ಸೂಪರ್‌ನಾಯಕಿಯ ‘ಶೀ-ಹಲ್ಕ್’ ಟೀವಿ ಸರಣಿಯ ಒಂಬತ್ತನೇ, ಕೊನೆಯ ಕಂತು ಬಂದ ಮರುದಿನ.)

ಅಭಿಮಾನಿ: ಹಾಳು ಮಾಡಿಬಿಟ್ರು! ನಾಯಕಿ ಕ್ಯಾಮೆರಾ ನೋಡ್ಕೊಂಡು ನಮ್ಮ ಹತ್ರಾನೇ ಮಾತಾಡ್ತಾಳೆ. ಮೂಲಕ್ಕೆ ನಿಷ್ಠೆ ಬೇಡ್ವಾ?

ಅಂಗಡಿಯವ: 1989ರಲ್ಲಿ ಜಾನ್ ಬರ್ನ್ ಬರೆದ ಕಾಮಿಕ್ಸ್‌ನಲ್ಲೇ ಓದುಗರ ಜೊತೆ ಹರಟೆ ಹೊಡೀತಿದ್ಲು. ಬರ್ನ್‌ಗೂ ಬೈತಿದ್ಲು.

ಅಭಿಮಾನಿ: ಆಗ ನಾನಿನ್ನೂ ಹುಟ್ಟಿರ್ಲಿಲ್ಲ, ಲೆಕ್ಕಕ್ಕಿಲ್ಲ. ಕಟ್ಟಡ ಒಡೀಬೇಕಾದವಳು ಕೋರ್ಟಿಗೆ ಹೋಗ್ತಾಳಲ್ಲ!

ಅಂಗಡಿಯವ: 1980ರ ಮೊದಲ ಸಂಚಿಕೆಯಿಂದ್ಲೂ ವಕೀಲೆ ಕಣಯ್ಯಾ.

ಅಭಿಮಾನಿ: ಸೂಪರ್‌ಹೀರೋ ಡೇರ್‌ಡೆವಿಲ್! ಅಂಥ ಗಂಭೀರ ಮನುಷ್ಯ ಬೆಳಗ್ಗೆ ಬೂಟು ಕೈಲಿ ಹಿಡ್ಕೊಂಡು ಬರಿಗಾಲಲ್ಲಿ ಅವಳ ಮನೆಯಿಂದ ಹೊರಡೋದಾ?

(ಇಂಥ ಗೊಣಗಾಟವನ್ನು ಮೊದಲೇ ಊಹಿಸಿ ಸರಣಿಯವರು ಕಥೆಯೊಳಗೇ ಸೇರಿಸಿದ್ದರು. ಬೈದವರು ಪಾಪ, ಸಂಭಾಷಣೆಗೆ ಸಂಭಾವನೆ ಕೇಳಲಿಲ್ಲ.)

ಅಂಗಡಿಯವ: ಕಾಮಿಕ್ಸ್‌ನಲ್ಲಿ ಗುಂಡೇಟು ಬಿದ್ದವಳಿಗೆ ಸೋದರಸಂಬಂಧಿ ಬ್ರೂಸ್, ಅಂದ್ರೆ ಹಲ್ಕ್, ರಕ್ತ ಕೊಟ್ಟ; ಅದರಿಂದ್ಲೇ ಹಸಿರಾದ್ಲು. ಟೀವಿಯಲ್ಲಿ ಕಾರು ಅಪಘಾತದಲ್ಲಿ ಅವನ ರಕ್ತ ಬೆರೀತು. ನಿಜವಾಗಿ ಬದಲಾಗಿದ್ದು ಅದು. ಅದಕ್ಕೆ ತಕರಾರಿಲ್ವಾ?

ಅಭಿಮಾನಿ: ಹೌದಾ? ನಿಧಾನವಾಗಿ ಹೇಳು, ಬರ್ಕೋತೀನಿ. ಯಾವ ಕಂತು?

ಅಂಗಡಿಯವ: ಮೊದಲನೇದು.

ಅಭಿಮಾನಿ: ಅಯ್ಯೋ, ನಾನು ನೋಡಿದ್ದು ತುಣುಕುಗಳನ್ನ ಮಾತ್ರ. ಅದಿರ್ಲಿ, ಎರಡನೇ ಸೀಸನ್ ಯಾವಾಗಂತೆ?