ಹೋಳಾದ ಕಬಡ್ಡಿ

ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಹೋಳಾಯಿತು. ಒಂದು ಸೆಂಟ್ರಲ್ ಕಾಲೇಜಿನಲ್ಲಿ ಕೂತಿತು, ಒಂದು ಜ್ಞಾನಭಾರತಿಯಲ್ಲೇ ಉಳಿಯಿತು, ಇನ್ನೊಂದು ‘ಬೆಂಗಳೂರು ಉತ್ತರ’ ಎಂಬ ಹೆಸರು ಹೊತ್ತು ಕೋಲಾರ ಸೇರಿತು. ಕೋಲಾರ ಪೂರ್ವಕ್ಕಿದೆ ಎಂಬುದು ಭೂಗೋಳದ ಮೇಷ್ಟ್ರ ತಕರಾರು. ಹೊಸಕೋಟೆ, ದೇವನಹಳ್ಳಿಯ ಕಾಲೇಜುಗಳು ಕೋಲಾರದ ಪಾಲಾದವು. ನೆಲಮಂಗಲ ಜ್ಞಾನಭಾರತಿಯ ಜೊತೆಗೇ ನಿಂತಿತು. ಕಾಲೇಜುಗಳ ಸಂಖ್ಯೆ ಮಿತಿಮೀರಿದ್ದೇ ವಿಭಜನೆಗೆ ಕಾರಣ. ಕಬಡ್ಡಿಯನ್ನು ಯಾರೂ ಕೇಳಲಿಲ್ಲ. ಅಂತರ ಕಾಲೇಜು ಪಂದ್ಯಗಳಲ್ಲಿ ಆಯ್ಕೆಯಾದವರು ವಿಶ್ವವಿದ್ಯಾಲಯದ ತಂಡವಾಗಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತಾರೆ. ಅಲ್ಲಿಗೆ ಈಗ ಮೂರು ತಂಡ. ಹೊಸಕೋಟೆಯ ಯಾವುದೋ ಕಾಲೇಜಿನಲ್ಲಿ ಈ ಲೆಕ್ಕ ಹೀಗೆ ನಡೆಯುತ್ತದೆ:

ಪ್ರಾಂಶುಪಾಲರು: ಏನ್ ಮೇಷ್ಟ್ರೇ, ನಮ್ಮ ಹುಡುಗ ಯೂನಿವರ್ಸಿಟಿ ಟೀಮಿಗೆ ಬಂದ್ನಂತೆ?

ಪಿ.ಟಿ. ಮೇಷ್ಟ್ರು: ಬಂದ ಸಾರ್. ಮುಂಚೆ 12 ಜನಕ್ಕೆ ಜಾಗ, ಈಗ 36.

ಪ್ರಾಂಶುಪಾಲರು: ಕಬಡ್ಡಿ ಮೂರು ಪಟ್ಟು ಬೆಳೀತು! ವರದಿಗೆ ಹಾಕಿ.

ಮೇಷ್ಟ್ರು: ಬೆಳೆದಿದ್ದು ಬನಿಯನ್ ಲೆಕ್ಕ ಸಾರ್. ರೈಡರ್ ನಮ್ಮವನು, ಕಾರ್ನರ್ ಹಿಡಿಯೋನು ನೆಲಮಂಗಲದಲ್ಲೇ ಉಳ್ಕೊಂಡ. ವಲಯದಲ್ಲಿ ಎದುರಾದ್ರೆ ಇವನ ಕಾಲೇ ಹಿಡೀತಾನೆ.

ಪ್ರಾಂಶುಪಾಲರು: ಅಮೆರಿಕದ ಯೂನಿವರ್ಸಿಟಿ ಆಟದಲ್ಲೂ ಹಿಂಗೇನಾ?

ಮೇಷ್ಟ್ರು: ಅಲ್ಲಿ ಪೆಸಿಫಿಕ್ ಕಡೆಯ ಸ್ಟ್ಯಾನ್‌ಫರ್ಡ್ 2024ರಲ್ಲಿ ಅಟ್ಲಾಂಟಿಕ್ ಕರಾವಳಿಯ ಯೂನಿವರ್ಸಿಟಿಗಳ ಕ್ರೀಡಾ ಒಕ್ಕೂಟ ಸೇರ್ತು. ಎಲ್ಲಾ ಟೀವಿ ದುಡ್ಡಿನ ಮಹಿಮೆ.

ಪ್ರಾಂಶುಪಾಲರು: ನಮಗೆ?

ಮೇಷ್ಟ್ರು: ಕೋಲಾರದ ಬಸ್ಸು.

ಪ್ರಾಂಶುಪಾಲರು: ಇರ್ಲಿ, ಬೋರ್ಡಲ್ಲಿ ಹುಡುಗನ ಹೆಸರು ಬರೆಸಿ. ಯಾವ ಯೂನಿವರ್ಸಿಟಿ ಅಂತ ಮಾತ್ರ ಬೇಡ, ಮತ್ತೆ ಒಡೆದ್ರೆ ಪೇಂಟು ದಂಡ.