ಹಾಗ, ಬೇಳೆ, ವೀಸ

ನಮ್ಮ ಮನೆಯ ಗೃಹಪ್ರವೇಶದ ಗ್ರೂಪ್ ಫೋಟೋದಲ್ಲಿ ಮುಂದೆ ಕೂತವರು ನನ್ನ ಕಡೆಯವರು, ಹಿಂದೆ ನಿಂತವರು ನನ್ನ ಹೆಂಡತಿಯ ತವರಿನವರು. ಇದರಲ್ಲಿ ಯಾರ ಹುನ್ನಾರವೂ ಇರಲಿಲ್ಲ. ನಮ್ಮವರಿಗೆಲ್ಲ ಮಂಡಿನೋವು, ಕುರ್ಚಿ ಕಂಡಲ್ಲಿ ಕೂರುತ್ತಾರೆ. ಅವರ ಕಡೆಯವರು ಗಟ್ಟಿಮುಟ್ಟು, ನಿಂತರು. ಆದರೆ ಫೋಟೋದಲ್ಲಿ ನಮ್ಮವರ ಮೂಗಿನ ಮೇಲಿನ ಬೆವರ ಹನಿಯನ್ನೂ ಎಣಿಸಬಹುದಿತ್ತು. ಹಿಂದಿನ ಸಾಲಿನವರು ಮಾತ್ರ ಮಂಜಿನಲ್ಲಿ ನಿಂತ ಅಡಿಕೆ ಮರಗಳಾಗಿದ್ದರು. ಫೋಟೋ ತೆಗೆದವನು ನಾನು.

"ಬೇಕೂಂತಲೇ ಮಾಡಿದೀರಿ" ಅಂದಳು ಹೆಂಡತಿ.

ಕ್ಯಾಮರಾ ನನ್ನದಲ್ಲ, ತಮ್ಮನ ಮಗಳದು. ಬೆಂಗಳೂರಿನಲ್ಲಿರುವ ಅವಳು ಹೊಸದೊಂದನ್ನು ಕೊಂಡು, ಹಳೆಯದನ್ನು 50 ಮಿಲಿಮೀಟರ್ ಲೆನ್ಸಿನ ಸಮೇತ ನನಗೆ ದಾಟಿಸಿದ್ದಳು. ಫೋನು ಮಾಡಿ ದೂರಿಕೊಂಡೆ.

"ದೊಡ್ಡಪ್ಪಾ, ಅಪರ್ಚರ್ ಎಷ್ಟಿಟ್ಟಿದ್ರಿ?"

"ಎಫ್ 1.8. ಇದ್ದದ್ದರಲ್ಲಿ ಸಣ್ಣದೇ ಇಟ್ಟಿದ್ದೆ."

"ಅಯ್ಯೋ, ಅದೇ ಎಲ್ಲಕ್ಕಿಂತ ದೊಡ್ಡದು!"

ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ಸಣ್ಣದನ್ನು ದೊಡ್ಡದು ಎನ್ನುವ ಶಾಸ್ತ್ರ ನನಗೆ ಒಗ್ಗಲಿಲ್ಲ. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಅಪರ್ಚರ್ ಎಂದರೆ ಲೆನ್ಸಿನೊಳಗಿನ ಕಿಂಡಿ. ಎಫ್ ಎಂದರೆ ಲೆನ್ಸಿನ ಫೋಕಲ್ ಲೆಂತ್. ಅದನ್ನು ಪಕ್ಕದ ಅಂಕಿಯಿಂದ ಭಾಗಿಸಿದರೆ ಕಿಂಡಿಯ ಅಗಲ. 50ರ ಲೆನ್ಸಿಗೆ ಎಫ್ 2 ಇಟ್ಟರೆ 25 ಮಿಲಿಮೀಟರ್ ಕಿಂಡಿ. ಎಫ್ 16 ಇಟ್ಟರೆ ಮೂರು ಮಿಲಿಮೀಟರಿನ ಆಸುಪಾಸು. ಅಂದರೆ ಅದು ಅಂಕಿಯಲ್ಲ, ಭಿನ್ನರಾಶಿ! ಇಷ್ಟಕ್ಕೆ ಇಂಗ್ಲಿಷ್ ಯಾಕೆ ಬೇಕಿತ್ತು? ನಮ್ಮ ಹಿರಿಯರು ಒಂದು ಹಣವನ್ನು ಅರ್ಧ ಮಾಡಿ ಅಡ್ಡ ಅಂದರು, ಕಾಲು ಮಾಡಿ ಹಾಗ ಅಂದರು, ಎಂಟನೇ ಒಂದನ್ನು ಬೇಳೆ, ಹದಿನಾರನೇ ಒಂದನ್ನು ವೀಸ ಅಂದರು. ಎಫ್ 2, 4, 8, 16 ಎಂದು ಲೆನ್ಸಿನ ಮೇಲೆ ಕೊರೆದಿರುವುದೂ ಅದೇ ಅಡ್ಡ, ಹಾಗ, ಬೇಳೆ, ವೀಸ. ವೀಸಕ್ಕಿಂತ ಹಾಗ ದೊಡ್ಡದೆಂದು ನನ್ನ ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಡುವೆ ಬರುವ 2.8, 5.6, 11 ಎಂಬ ವಕ್ರ ಅಂಕಿಗಳಿಗೆ ಮಾತ್ರ ಅಜ್ಜಿಯ ಲೆಕ್ಕದಲ್ಲಿ ಹೆಸರಿಲ್ಲ. ಇವೂ ಅವೂ ಸೇರಿ ಒಂದೊಂದೂ ಒಂದು 'ಸ್ಟಾಪ್'. ಹಿಂದಿನ ಕಾಲದಲ್ಲಿ ತೂತು ಕೊರೆದ ಲೋಹದ ತಗಡನ್ನು ಲೆನ್ಸಿಗೆ ಸಿಕ್ಕಿಸಿ ಬೆಳಕನ್ನು ತಡೆಯುತ್ತಿದ್ದರಂತೆ, ಹೆಸರು ಅಲ್ಲಿಂದ ಬಂದದ್ದು. ನನಗೆ ಅರ್ಥವಾದದ್ದು ಬಸ್ಸಿನ ಲೆಕ್ಕದಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸಿನಲ್ಲಿ 64 ಜನ. ಪ್ರತಿ ಸ್ಟಾಪಿನಲ್ಲೂ ಸರಿಯಾಗಿ ಅರ್ಧ ಜನ ಇಳಿಯುತ್ತಾರೆ, ಹತ್ತುವವರಿಲ್ಲ. ಎಫ್ 2ರಲ್ಲಿ ಹೊರಟದ್ದು 2.8ರಲ್ಲಿ 32, ನಾಲ್ಕರಲ್ಲಿ 16, ಹೀಗೇ ಇಳಿದು ಎಫ್ 16 ತಲುಪುವಾಗ ಬಸ್ಸಿನಲ್ಲಿ ಉಳಿದವನು ಒಬ್ಬನೇ. ಬೆಳಕಿನ ಪಾಡೂ ಇಷ್ಟೇ.

ಹಾಗಾದರೆ ಕಿಂಡಿ ಯಾಕೆ ಕಿರಿದು ಮಾಡಬೇಕು? ಕನ್ನಡಕ ಮರೆತು ಬಂದ ದಿನ ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುತ್ತೇವಲ್ಲ, ಅದಕ್ಕೇ. ಕಿಂಡಿ ಕಿರಿದಾದಷ್ಟೂ ಹಿಂದಿನದು ಮುಂದಿನದು ಎಲ್ಲ ಸ್ಪಷ್ಟ. ಅಗಲವಾದರೆ ಒಂದೇ ಸಾಲು ಸ್ಪಷ್ಟ, ಉಳಿದದ್ದು ಮಸುಕು. ಸ್ಪಷ್ಟವಾಗಿ ಕಾಣುವ ಈ ಪಟ್ಟಿಗೆ ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ಆ ಪಟ್ಟಿಯ ಆಚೆ ನನ್ನ ಹೆಂಡತಿಯ ತವರುಮನೆ ನಿಂತಿತ್ತು.

"ಆದ್ರೂ ಬೊಕೆ ಸಕ್ಕತ್ತಾಗಿದೆ ದೊಡ್ಡಪ್ಪಾ" ಅಂದಳು ಹುಡುಗಿ. ನಾನು ಫೋಟೋವನ್ನು ಮತ್ತೆ ನೋಡಿದೆ. ಬೊಕೆ ಹಿಡಿದವರು ಯಾರೂ ಇರಲಿಲ್ಲ. ಮುಯ್ಯಿ ಮಾಡಿದವರೆಲ್ಲ ಸ್ಟೀಲ್ ಪಾತ್ರೆ ತಂದಿದ್ದರು. ಆಮೇಲೆ ತಿಳಿಯಿತು, ಇದು ಹೂವಿನ ಬೊಕೆಯಲ್ಲ, ಜಪಾನಿನದು. ಹಿನ್ನೆಲೆಯ ಮಸುಕಿನ ಸೊಗಸಿಗೆ ಅಲ್ಲಿಯವರ ಮಾತು. 1997ರಲ್ಲಿ ಅಮೆರಿಕದ ಒಂದು ಪತ್ರಿಕೆ ಅದನ್ನು ಜಗತ್ತಿಗೆಲ್ಲ ಹಂಚಿತು. ಮುಪ್ಪಿನ ಮರೆವಿಗೂ ಮಂಕುತನಕ್ಕೂ ಜಪಾನಿನಲ್ಲಿ ಇದೇ ಶಬ್ದವಂತೆ. ಇದನ್ನು ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದಳು.

ಎಕ್ಸ್‌ಪೋಶರ್ ಮಾತ್ರ ನನಗೆ ಮೊದಲೇ ಗೊತ್ತಿದ್ದ ಶಬ್ದ. "ಹುಡುಗ ಬುದ್ಧಿವಂತ, ಎಕ್ಸ್‌ಪೋಶರ್ ಸಾಲದು" ಎಂದು ಎಷ್ಟು ತಂದೆತಾಯಿಯರಿಗೆ ಹೇಳಿ ಮಕ್ಕಳನ್ನು ಬೆಂಗಳೂರಿಗೆ ಸಾಗಹಾಕಿಸಿದ್ದೇನೋ. ಹೆಚ್ಚಾದರೂ ಕೆಡುತ್ತದೆಂದು ಕ್ಯಾಮರಾ ಹೇಳಿಕೊಟ್ಟಿತು: ಮುಖ ಬೆಳ್ಳಗೆ ಸುಣ್ಣ ಬಳಿದ ಗೋಡೆ. ಹಪ್ಪಳದ ಲೆಕ್ಕ ಇದು. ಬಿಸಿಲು ಚುರುಕಾಗಿದ್ದರೆ ಬೇಗ ಎತ್ತಬೇಕು, ಮೋಡವಿದ್ದರೆ ಹೊತ್ತು ಬಿಡಬೇಕು. ಆ ಹೊತ್ತನ್ನು ಅಳೆಯುವುದು ಶಟರ್. ಅಂಗಡಿಯ ಶಟರ್ ಬಂದ್ ದಿನ ಎಳೆದರೆ ಸಂಜೆವರೆಗೂ ಏಳುವುದಿಲ್ಲ. ಇದು ಸೆಕೆಂಡಿನ 125ನೇ ಒಂದು ಪಾಲಿನಲ್ಲಿ ತೆರೆದು ಮುಚ್ಚಿಯೂ ಆಗಿರುತ್ತದೆ. ಕ್ಯಾಮರಾ ಬರೀ 125 ಎಂದು ತೋರಿಸಿ ಒಂದನ್ನು ನುಂಗುತ್ತದೆ. ಇಲ್ಲೂ ವೀಸದ ವ್ಯವಹಾರವೇ. ಅರವತ್ತಕ್ಕಿಂತ ಕೆಳಗಿಳಿದರೆ ನನ್ನ ಕೈನಡುಕವೂ ಚಿತ್ರದೊಳಗೆ ಸೇರಿಕೊಳ್ಳುತ್ತದೆ.

ಇನ್ನು ಐಎಸ್ಓ. ಕಾರ್ಖಾನೆಗಳ ಗೇಟಿನಲ್ಲಿ ಐಎಸ್ಓ 9001 ಎಂದು ಬರೆದಿರುತ್ತದಲ್ಲ, ಇದೂ ಕ್ಯಾಮರಾ ಚೆನ್ನಾಗಿದೆ ಎಂಬ ಸರ್ಟಿಫಿಕೇಟ್ ಅಂದುಕೊಂಡಿದ್ದೆ. ಸಂಸ್ಥೆ ಅದೇ, ಆದರೆ ಇದು ಬೆಳಕಿಗೆ ಕ್ಯಾಮರಾ ಎಷ್ಟು ಬೇಗ ಕರಗುತ್ತದೆ ಎಂಬುದರ ಅಳತೆ. ಹಿಂದೆ ಫಿಲ್ಮಿನ ಡಬ್ಬಿಯ ಮೇಲೆ 100 ಎಎಸ್‌ಎ ಎಂದಿರುತ್ತಿದ್ದದ್ದೂ ಇದೇ. ಬಿಸಿಲಿಗೆ 100 ಸಾಕು. ದೀಪಾರಾಧನೆಯ ಬೆಳಕಿಗೆ 3200 ಮಾಡಿದರೆ ಚಿತ್ರವೇನೋ ಬರುತ್ತದೆ, ಆದರೆ ಮೇಲೆಲ್ಲ ರವೆ ಉದುರಿದ ಹಾಗೆ. 800ರವರೆಗೆ ಚಿರೋಟಿ ರವೆ, ಆಮೇಲೆ ಉಪ್ಪಿಟ್ಟಿನ ರವೆ. ಇದಕ್ಕೆ ನಾಯ್ಸ್ ಎನ್ನುತ್ತಾರೆ. ಚಿತ್ರದೊಳಗೆ ಸದ್ದು ಎಲ್ಲಿಂದ ಬಂತೋ, ರವೆಯೇ ವಾಸಿ.

ಇಂಥ ವಿಚಿತ್ರ ಮಾತುಗಳಲ್ಲಿ ಕನ್ನಡದವರು ನಾವೇನು ಕಡಿಮೆಯೇ? ಫೋಟೋ ತೆಗೆಯುತ್ತೇವೆ, ಹಿಡಿಯುತ್ತೇವೆ, ಸಿಟ್ಟು ಬಂದವರ ಹಾಗೆ ಹೊಡೆಯುತ್ತೇವೆ. ಪತ್ರಿಕೆಯವರು ಸೆರೆಹಿಡಿದು ಜೈಲಿಗೂ ಹಾಕುತ್ತಾರೆ. ಒಂದು ಕಾಲದಲ್ಲಿ ರೀಲು ಹಾಕಿಸಿ, ಮೂವತ್ತಾರು ಮುಗಿದ ಮೇಲೂ ಮೂವತ್ತೇಳನೆಯದಕ್ಕೆ ಆಸೆಪಟ್ಟು, ತೊಳೆಸಿ, ಪ್ರಿಂಟು ಹಾಕಿಸುತ್ತಿದ್ದೆವು. ರೀಲು ಹೋಯಿತು, ರೀಲು ಬಿಡುವವರು ಉಳಿದರು. ಈಗಂತೂ ಅದನ್ನೇ ಫೋನಿನಲ್ಲಿ ಮಾಡಿ ಊರಿಗೆಲ್ಲ ತೋರಿಸುತ್ತಾರೆ.

1839ರಲ್ಲಿ ಜಾನ್ ಹರ್ಷೆಲ್ ಫೋಟೋಗ್ರಫಿ ಎಂಬ ಮಾತನ್ನು ಚಲಾವಣೆಗೆ ತಂದಾಗ ಅದರ ಅರ್ಥ ಬೆಳಕಿನ ಬರಹ. ನಾವು ಅದಕ್ಕೆ ಬೆನ್ನು ತಿರುಗಿಸಿ ಛಾಯಾಚಿತ್ರ ಅಂದೆವು, ನೆರಳಿನ ಚಿತ್ರ. ತೆಗೆಯುವವನು ಛಾಯಾಗ್ರಾಹಕ. ಆ ಲೆಕ್ಕದಲ್ಲಿ ನಮ್ಮ ಮೊದಲ ಛಾಯಾಗ್ರಾಹಕಿ ರಾಮಾಯಣದ ಸಿಂಹಿಕೆ. ಸಮುದ್ರ ಹಾರುತ್ತಿದ್ದ ಹನುಮಂತನ ನೆರಳನ್ನು ಹಿಡಿದು ಎಳೆದವಳು. ಅವಳ ಗತಿ ಏನಾಯಿತೆಂದು ಗೊತ್ತಿರುವುದರಿಂದ, ನಾನು ಹಾರುತ್ತಿರುವ ಯಾವುದರ ತಂಟೆಗೂ ಹೋಗುವುದಿಲ್ಲ. ಹಕ್ಕಿಗಳನ್ನು ಮೂಡಿಗೆರೆಯ ತೇಜಸ್ವಿಯವರಂಥ ತಾಳ್ಮೆಯವರಿಗೆ ಬಿಟ್ಟಾಗಿದೆ.

ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ನಿಂತಿರುತ್ತದೆ. ಗೈಡುಗಳು 'ಗೋಪುರದ ನೆರಳು' ಎನ್ನುತ್ತಾರೆ. ನೆರಳಲ್ಲ, ಬೆಳಕೇ. ಎದುರು ಗೋಡೆಯ ಪುಟ್ಟ ಕಿಂಡಿಯಲ್ಲಿ ನೇರಕ್ಕೆ ತೂರಿ, ಕಳಶದ ಬೆಳಕು ಕೆಳಗೂ ಬುಡದ ಬೆಳಕು ಮೇಲೂ ಬೀಳುತ್ತದೆ. ಕ್ಯಾಮರಾ ಎಂದರೆ ಲ್ಯಾಟಿನ್ನಿನಲ್ಲಿ ಕೋಣೆ. ಹಿಂದಿಯ ಕಮರಾ ಪೋರ್ಚುಗೀಸರ ಮೂಲಕ ಬಂದ ಅದರ ತಮ್ಮ. ಹಂಪಿಯ ಈ ಕೋಣೆಗೆ ಲೆನ್ಸಿಲ್ಲ, ಶಟರಿಲ್ಲ, ಬ್ಯಾಟರಿಯಿಲ್ಲ. ನಾನು ಹೋದ ದಿನ ಅದನ್ನು ಫೋಟೋ ಹಿಡಿಯಲು ಜನ ನೂಕಾಡುತ್ತಿದ್ದರು. ಒಬ್ಬ ಫ್ಲಾಶ್ ಹಾಕಿದ. ಗೋಪುರ ಮಾಯವಾಗಿ ಬರೀ ಗೋಡೆ ಬಂತು.

ಮುಂದಿನ ತಿಂಗಳು ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಹೆಂಡತಿಯ ಅಣ್ಣ, "ಭಾವ, ಈ ಸಲ ನಮ್ಮದೂ ಮುಖ ಕಾಣ್ಲಿ" ಎಂದು ಎಲ್ಲರೆದುರೇ ಹೇಳಿದರು. ಹಿತ್ತಲಲ್ಲಿ ಎಲ್ಲರನ್ನೂ ನಿಲ್ಲಿಸಿ, ಬೇಳೆ ಸಾಲದೆಂದು ವೀಸಕ್ಕೇ ಇಳಿಸಿ, ಉಸಿರು ಬಿಗಿಹಿಡಿದು ಒತ್ತಿದೆ. ಮುಂದಿನ ಸಾಲು ಸ್ಪಷ್ಟ. ಹಿಂದಿನ ಸಾಲು ಸ್ಪಷ್ಟ. ಅದರ ಹಿಂದೆ ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಪಟಾಪಟಿ ಚಡ್ಡಿ, ಒಂದೊಂದು ಪಟ್ಟೆಯೂ ಸ್ಪಷ್ಟ.

ಹೆಂಡತಿ ಬಹಳ ಹೊತ್ತು ನೋಡಿದಳು.

"ರೀ, ಆವತ್ತು ಬೊಕೆ ಬೊಕೆ ಅಂತಿದ್ರಲ್ಲ, ಅದನ್ನ ಇಲ್ಲಿ ಸ್ವಲ್ಪ ಹಾಕೋಕಾಗಲ್ವಾ?"