ಸ್ಟಾರ್ಟರ್ ಬಾಕ್ಸಿನ ಸ್ಪ್ಯಾನಿಷ್

ರಿಟೈರಾದ ಮೇಷ್ಟರಿಗೆ ಮಧುಗಿರಿಯಲ್ಲಿ ಕೆಲಸಕ್ಕೇನೂ ಬರವಿಲ್ಲ. ಬೆಳಿಗ್ಗೆ ಏಕಶಿಲಾ ಬೆಟ್ಟದ ಬುಡದವರೆಗೆ ವಾಕಿಂಗ್ ಹೋಗಿ, ತಲೆಯೆತ್ತಿ ನೋಡಿ, ‘ಇನ್ನೊಂದು ದಿನ ಹತ್ತೋಣ’ ಎಂದು ವಾಪಸಾಗಬಹುದು. ದಂಡಿನ ಮಾರಮ್ಮನ ಗುಡಿ ಮುಂದೆ ಕೂತು ವೇತನ ಆಯೋಗ, ಡಿ.ಎ. ಬಾಕಿ ಮುಂತಾದ ಅಧ್ಯಾತ್ಮ ವಿಚಾರ ಮಾತಾಡಬಹುದು. ಸೈಟು ತೋರಿಸಿ ಕಮಿಷನ್ ತಗೊಳ್ಳುವವರೂ ಇದ್ದಾರೆ, ಹೆಸರು ಬೇಡ. ನಾನು ಇವೆಲ್ಲವನ್ನೂ ಬಿಟ್ಟು ಸ್ಪ್ಯಾನಿಷ್ ಕಲಿಯಲು ಕೂತೆ.

ಯಾಕೆ ಅಂದರೆ ಉತ್ತರವಿಲ್ಲ. ಮಗ ಸ್ಪೇನಿನಲ್ಲಿಲ್ಲ, ತುಮಕೂರಿನಲ್ಲಿದ್ದಾನೆ. ಸೊಸೆ ಮೆಕ್ಸಿಕೋದವಳಲ್ಲ, ತಿಪಟೂರಿನವಳು. ನಿದ್ದೆ ಬಾರದ ಒಂದು ರಾತ್ರಿ ಫೋನಿನಲ್ಲಿ ಒಬ್ಬ ಹುಡುಗ ಪ್ರತ್ಯಕ್ಷನಾಗಿ, ಇಪ್ಪತ್ತು ದೇಶಗಳ ಆಡಳಿತ ಭಾಷೆ ಸಾರ್ ಇದು, ಮನೆಯಲ್ಲೇ, ಸ್ನಾನ ತಿಂಡಿಯ ಜೊತೆಜೊತೆಗೇ, ಬಹುಬೇಗ ಕಲಿಯಬಹುದು ಎಂದ. ಸರ್ವೀಸೆಲ್ಲ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿದವನಿಗೆ ಆ ‘ಬಹುಬೇಗ’ದ ಬೆಲೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಹುಡುಗನ ನಗು ಚೆನ್ನಾಗಿತ್ತು.

ಅವನು ಹೇಳಿದ ಮೊದಲ ಅಭ್ಯಾಸ, ಫೋನಿನ ಭಾಷೆ ಬದಲಾಯಿಸುವುದು. ಬದಲಾಯಿಸಿದೆ. ಮರುವಾರ ಕೊರಟಗೆರೆ ದಾಟಿ ಗೊರವನಹಳ್ಳಿ ಮಹಾಲಕ್ಷ್ಮಿ ದರ್ಶನಕ್ಕೆ ಹೊರಟಾಗ ಮ್ಯಾಪಿನೊಳಗಿನ ಹೆಂಗಸು ‘ಹೀರೆ ಅ ಲಾ ದೆರೆಚಾ’ ಎಂದು ಶುರುಮಾಡಿದಳು. ಬಲಕ್ಕೆ ತಿರುಗಿ ಅಂತ. ಆಟೋದವನು ಎರಡು ತಿರುವು ಸಹಿಸಿಕೊಂಡ. ಮೂರನೆಯದಕ್ಕೆ, “ಯಾರ್ ಸಾ ಆಯಮ್ಮ, ಒಂದೇ ಸಮ ಬೈತಾವ್ಳಲ್ಲ?” ಎಂದ. “ನಮ್ಮೆಜಮಾನ್ರ ಟೀಚರ್ರು” ಎಂದಳು ನನ್ನ ಹೆಂಡತಿ.

ಎರಡನೆಯದು ನಾಲಿಗೆ. ಸ್ಪ್ಯಾನಿಷ್‌ನಲ್ಲಿ ಎರಡು ರ ಇವೆ, ಒಂದು ಸಾದಾ, ಇನ್ನೊಂದು ಅದುರುವುದು. ಇದು ಕೇಳಿ ನನಗೆ ರೋಮಾಂಚನ. ನಾವು ಹಳಗನ್ನಡದಲ್ಲಿ ಬಿಟ್ಟುಬಂದ ಶಕಟರೇಫದಂಥದ್ದು ಅಲ್ಲಿ ಇನ್ನೂ ಜೀವಂತವಾಗಿದೆಯಲ್ಲ! ಬೆಳಗಿನ ಹೊತ್ತು ಅಂಗಳದಲ್ಲಿ ನಿಂತು ‘ಪೆರ್‌ರ್‌ರೋ, ಪೆರ್‌ರ್‌ರೋ’ ಎಂದು ಸಾಧನೆ ಮಾಡಿದೆ. ಪೆರ್ರೋ ಅಂದರೆ ನಾಯಿ. ಎದುರು ಬೀದಿಯ ಕಂದು ನಾಯಿಯೊಂದು ದಿನವೂ ಬಂದು ಗೇಟಿನ ಹತ್ತಿರ ಕೂರತೊಡಗಿತು. ನನ್ನ ಉಚ್ಚಾರಣೆಗೆ ಸಿಕ್ಕ ಏಕೈಕ ಪ್ರಮಾಣಪತ್ರ ಅದು.

ಮೂರನೆಯದೇ ಚೀಟಿ. ಮನೆಯ ಸಾಮಾನಿಗೆಲ್ಲ ಸ್ಪ್ಯಾನಿಷ್ ಹೆಸರು ಬರೆದು ಅಂಟಿಸಿ, ಓಡಾಡುವಾಗ ಓದಿಕೊಳ್ಳಿ ಎಂದಿದ್ದ ಹುಡುಗ. ಸ್ಟೇಷನರಿ ಅಂಗಡಿಯಲ್ಲಿ ಅಂಟಿಸುವ ಚೀಟಿ ಸಿಕ್ಕಿದ್ದು ಅರಿಶಿನ ಬಣ್ಣದ್ದು. ಪೆನ್ನು ಮನೆಯಲ್ಲೇ ಇತ್ತು, ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕಾಲದಿಂದ ಉಳಿದ ಕೆಂಪು ಪೆನ್ನುಗಳು, ಡಬ್ಬದ ತುಂಬ. ಕನ್ನಡ ಅಕ್ಷರದಲ್ಲೇ ಬರೆದೆ. ಬಾಗಿಲ ನೆತ್ತಿಗೆ ‘ಲಾ ಪ್ವೆರ್ತಾ’. ಕಿಟಕಿಗೆ ‘ಲಾ ವೆಂತಾನಾ’. ಫ್ರಿಜ್ಜಿಗೆ ‘ಲಾ ನೆವೆರಾ’. ಕನ್ನಡಿಗೆ ‘ಎಲ್ ಎಸ್ಪೆಹೋ’. ಮಂಚಕ್ಕೆ ‘ಲಾ ಕಾಮಾ’ ಅಂತ ಅಂಟಿಸಿದ್ದನ್ನು ಮಾತ್ರ ಹೆಂಡತಿ ಸಂಜೆಯೊಳಗೆ ಕಿತ್ತು ಒಲೆಗೆ ಹಾಕಿದಳು. ಅದರ ಅರ್ಥ ಬರೀ ಮಂಚ ಕಣೇ ಎಂದು ಎಷ್ಟು ಹೇಳಿದರೂ, “ಬಂದೋರಿಗೆಲ್ಲ ಅರ್ಥ ಹೇಳ್ಕೊಂಡು ಕೂರ್ತೀರಾ ಈ ವಯಸ್ನಲ್ಲಿ?” ಎಂದಳು.

ಅರಿಶಿನ ಬಣ್ಣದ ಕಾಗದ, ಕೆಂಪು ಅಕ್ಷರ, ಬಾಗಿಲ ನೆತ್ತಿ. ನೀವು ಆಗಲೇ ಊಹಿಸಿರಬಹುದು. ನನಗೆ ಹೊಳೆದಿರಲಿಲ್ಲ.

ಶಿರಾ ತಾಲ್ಲೂಕು ಬುಕ್ಕಾಪಟ್ಟಣದ ಕಡೆಯ ಹಳೇ ವಿದ್ಯಾರ್ಥಿಯೊಬ್ಬ ತಂಗಿಯ ಲಗ್ನಪತ್ರಿಕೆ ಕೊಡಲು ಬಂದ. ಕಾಫಿ ಕುಡಿಯುತ್ತಾ ಕೂತವನ ಕಣ್ಣು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಫ್ರಿಜ್ಜಿಗೆ ಹೋಗುತ್ತಿತ್ತು. ಲೋಟ ಕೆಳಗಿಟ್ಟು ದನಿ ತಗ್ಗಿಸಿದ.

“ಮೇಷ್ಟ್ರೇ, ಎಲ್ಲಿ ಮಾಡಿಸುದ್ರಿ?”

“ಏನನ್ನಯ್ಯ?”

ಗದ್ದದಿಂದ ಬಾಗಿಲ ಕಡೆ ತೋರಿಸಿದ. ಬೆರಳು ತೋರಿಸಲಿಲ್ಲ. ಅಂಥವಕ್ಕೆ ಬೆರಳು ತೋರಿಸಬಾರದಲ್ಲ.

“ಅದು ಸ್ಪ್ಯಾನಿಷ್ ಕಣೋ.”

“ಮಲೆಯಾಳದೋರೇ ಕೊನೆ ಅಂದ್ಕಂಡಿದ್ದೆ. ಇವ್ರು ಅದಕ್ಕಿಂತ ದೂರದೋರಾ?”

“ಬಹಳ ದೂರ. ಸಮುದ್ರದಾಚೆ.”

“ಅಂಗಾದ್ರೆ ಪವರ್ರು ಜಾಸ್ತಿ” ಎಂದು ತಾನೇ ತೀರ್ಮಾನ ಕೊಟ್ಟುಕೊಂಡ.

ನಾನು ವಿವರಿಸಿದೆ. ಇದು ಮಂತ್ರವಲ್ಲ, ಯಂತ್ರವಲ್ಲ, ಬಾಗಿಲಿಗೆ ಅವರ ಭಾಷೆಯಲ್ಲಿ ಬಾಗಿಲು ಅಂತ ಬರೆದಿದ್ದೇನೆ, ಅಷ್ಟೇ. ಅವನು ಮರುಕದಿಂದ ನನ್ನನ್ನೇ ನೋಡಿದ. “ಬಾಗ್ಲಿಗೆ ಬಾಗ್ಲು ಅಂತ ಯಾರಾದ್ರೂ ಬರ್ದು ಅಂಟಿಸ್ತಾರಾ ಮೇಷ್ಟ್ರೇ? ನಮ್ಮತ್ರ ಯಾಕ್ ಮುಚ್ಚಿಡ್ತೀರಾ.” ಇದಕ್ಕೆ ನನ್ನಲ್ಲಿ ಜವಾಬಿರಲಿಲ್ಲ. ಈಗಲೂ ಇಲ್ಲ.

ಆಮೇಲೆ ಅವನ ಕಥೆ ಹೇಳಿದ. ಎರಡು ಬೋರು ಸಾವಿರ ಅಡಿ ದಾಟಿ ಬರೀ ಧೂಳು ಉಗುಳಿವೆ. ಮೂರನೆಯದರಲ್ಲಿ ಒಂದೂವರೆ ಇಂಚು ನೀರು. ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು, ಅದೂ ಓಲ್ಟೇಜಿಲ್ಲದ ಕರೆಂಟು. ಮೋಟರು ಸುಡುವುದು, ಮೇಲೆತ್ತುವುದು, ಶಿರಾಕ್ಕೆ ಒಯ್ದು ವೈಂಡಿಂಗ್ ಮಾಡಿಸುವುದು, ಇಳಿಸುವುದು, ಮತ್ತೆ ಸುಡುವುದು. ತಂಗಿ ಮದುವೆಗೆಂದು ಎತ್ತಿಟ್ಟ ದುಡ್ಡಲ್ಲಿ ಒಂದು ಪಾಲು ವೈಂಡಿಂಗ್‌ನವನ ಪಾಲಾಗಿತ್ತು. ಇದನ್ನೆಲ್ಲ ಅವನು ನಗುನಗುತ್ತಲೇ ಹೇಳಿದ, ನನಗೆ ನಗಲಾಗಲಿಲ್ಲ.

“ಸ್ಟಾರ್ಟರ್ ಬಾಕ್ಸಿಗೆ ಒಂದು ಬರ್ಕೊಡಿ ಮೇಷ್ಟ್ರೇ. ನಂಗೆ ಕಾಗುಣಿತ ಸರಿಯಾಗಿ ಕಲ್ಸಿದ್ದೇ ನೀವು. ನಿಮ್ ಕೈಬರಹ ಅಂದ್ರೆ ಆಯ್ತದೆ.”

ವಿಚಾರವಾದಿಯಾಗಿ ನಾನು ನಿರಾಕರಿಸಬೇಕಿತ್ತು. ಹಳೇ ಶಿಷ್ಯ ಹೊಸ ಭಾಷೆಯ ವಿದ್ವತ್ತನ್ನು ಕೇಳಿಕೊಂಡು ಬಂದಾಗ ವಿಚಾರವಾದ ತುಸು ಪಕ್ಕಕ್ಕೆ ಸರಿಯುತ್ತದೆ. ಚೀಟಿ ತೆಗೆದೆ. ‘ಎಲ್ ಆಗ್ವಾ’ ಎಂದು ಬರೆಯಬೇಕು, ನೀರು ಅಂತ. ಆದರೆ ಆ ‘ಎಲ್’ ಹತ್ತಿರ ಪೆನ್ನು ನಿಂತಿತು. ಈ ಭಾಷೆಯಲ್ಲಿ ಮೇಜು ಕುರ್ಚಿಗೂ ಲಿಂಗವಿದೆ. ಗಂಡಿಗೆ ಎಲ್, ಹೆಣ್ಣಿಗೆ ಲಾ. ನೀರು ಹೆಣ್ಣು. ಆದರೂ ಪದದ ಮೊದಲಿಗೆ ಒತ್ತಿ ನುಡಿಯುವ ಆ ಇರುವುದರಿಂದ ಏಕವಚನದಲ್ಲಿ ಗಂಡಿನ ಗುರುತು ಹಾಕುತ್ತಾರೆ. ನಾನು ತಡೆದದ್ದು ನೋಡಿ ಅವನಿಗೆ ಗಾಬರಿ.

“ಏನಾಯ್ತು ಮೇಷ್ಟ್ರೇ? ಗಂಡು ದೇವ್ರಾ, ಹೆಣ್ಣು ದೇವ್ರಾ?”

“ಹೆಣ್ಣೇ. ಮುಂದುಗಡೆ ಮಾತ್ರ ಗಂಡು.”

ಅವನು ಎದ್ದು ನಿಂತು ಕೈಮುಗಿದ. “ಅರ್ಧನಾರೀಶ್ವರ!”

ಒಳಗಿಂದ ಹೆಂಡತಿ ಬಂದಳು. ಇನ್ನು ಮರ್ಯಾದೆ ಹೋಯಿತು ಅಂದುಕೊಂಡೆ. ಅವಳು ಒಂದು ಮಾತೂ ಆಡದೆ ದೇವರ ಮನೆಯಿಂದ ಕುಂಕುಮ ತಂದು ಚೀಟಿಯ ನಾಲ್ಕು ಮೂಲೆಗೂ ಇಟ್ಟು, ಹಾಲಿನ ಪ್ಲಾಸ್ಟಿಕ್ ಕವರು ತೊಳೆದು ಒರೆಸಿ ಅದರೊಳಗಿಟ್ಟು, “ಮಳೆಗೆ ನೆನೀಬಾರ್ದಪ್ಪ” ಎಂದು ಕೊಟ್ಟಳು. ಅವನು ಹನ್ನೊಂದು ರೂಪಾಯಿ ತೆಗೆದ. ನಾನು ಬೇಡವೆಂದೆ. “ತಗಂಡಿಲ್ಲ ಅಂದ್ರೆ ಹತ್ತಲ್ಲ ಮೇಷ್ಟ್ರೇ” ಎಂದ. ನನ್ನ ಗಂಟಲು ಕಟ್ಟಿತ್ತು. ಹೆಂಡತಿ ಈಸಿಕೊಂಡಳು.

ಮುಂದಿನದು ನನ್ನ ಕೈಮೀರಿದ್ದು. ಅದೇ ವಾರ ಆ ಹೊಲದ ಪಕ್ಕದ 25 ಕೆವಿಎ ಟ್ರಾನ್ಸ್‌ಫಾರ್ಮರ್ (ನಮ್ಮ ಕಡೆ ಟಿ.ಸಿ.) ಇಳಿಸಿ 63 ಕೆವಿಎದು ಏರಿಸಿದರು. ಓಲ್ಟೇಜು ಸರಿಹೋಯಿತು, ಮೋಟರು ಸುಡುವುದು ನಿಂತಿತು. ಅವನು ಒಂದು ಮೂಟೆ ಕಡಲೆಕಾಯಿ ಹೊತ್ತು ಬಂದ. ಅಯ್ಯಾ, ಇದು ಚೀಟಿಯಿಂದಲ್ಲ, ಟಿ.ಸಿ. ಬಂದದ್ದರಿಂದ ಎಂದೆ. “ಟಿ.ಸಿ. ಯಾಕ್ ಬಂತು ಮೇಷ್ಟ್ರೇ? ವರ್ಷಗಟ್ಲೆ ಅರ್ಜಿ ಕೊಟ್ಟಾಗ ಬಂದಿತ್ತಾ?” ತರ್ಕಶಾಸ್ತ್ರದಲ್ಲಿ ಅವನು ನನ್ನ ಕೈಕೆಳಗೆ ಕಲಿತವನೆಂದು ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ.

ಸುದ್ದಿ ಹಬ್ಬಿತು. ಮಿಡಿಗೇಶಿಯಿಂದ ಒಬ್ಬರು ಬಂದರು, ಕೋರ್ಟು ಕೇಸಿಗೆ. ಕೊರಟಗೆರೆಯಿಂದ ಒಬ್ಬಾಕೆ ಬಂದರು, ಗಂಡನ ಕುಡಿತಕ್ಕೆ. ಸಭ್ಯವಾಗಿ ಕಾಫಿ ಕೊಟ್ಟು ಕಳಿಸಿದೆ. ಚೀಟಿಗಳನ್ನೆಲ್ಲ ಕಿತ್ತೆ. ಅಲ್ಲಿಗೆ ನನ್ನ ಭಾಷಾಭ್ಯಾಸದ ಪಠ್ಯಪುಸ್ತಕವೇ ಹೋಯಿತು.

ಉಳಿದದ್ದು ಕಡಲೆಕಾಯಿ. ಸಂಜೆ ಸುಲಿಯುತ್ತಾ ಕೂತಾಗ ಕೃಷಿ ಇಲಾಖೆಯ ಹಳೇ ಕೈಪಿಡಿಯೊಂದು ಕಣ್ಣಿಗೆ ಬಿತ್ತು. ನಮ್ಮ ಶಿರಾ, ಪಾವಗಡ, ಮಧುಗಿರಿಯ ಒಣ ಹೊಲಗಳಲ್ಲಿ ತಲೆಮಾರುಗಳಿಂದ ಬಿತ್ತುತ್ತಿರುವ ಟಿಎಂವಿ-2 ಇದೆಯಲ್ಲ, ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಿಡುಗಡೆಯಾದ ತಳಿ, ಅದು ಯಾವ ಗುಂಪಿಗೆ ಸೇರಿದ್ದು ಗೊತ್ತೇ? ಸ್ಪ್ಯಾನಿಷ್ ಬಂಚ್! ಕಡಲೆಕಾಯಿಯ ತವರೇ ದಕ್ಷಿಣ ಅಮೆರಿಕ. ಹಸಿಮೆಣಸಿನಕಾಯಿ, ಟೊಮ್ಯಾಟೊ, ಸೀಬೆಹಣ್ಣು ಕೂಡ ಅತ್ತಲಿನವೇ. ಬಾಗಿಲಿಗೆ ಚೀಟಿ ಅಂಟಿಸುವ ಎಷ್ಟೋ ಮೊದಲೇ ಸ್ಪ್ಯಾನಿಷ್ ನಮ್ಮ ಅಟ್ಟ ಹತ್ತಿ ಕೂತಿತ್ತು. ಈ ಸಂಶೋಧನೆಯನ್ನು ಹೆಂಡತಿಗೆ ಹೇಳಿದೆ. ಅವಳು ಫೋನಿನಲ್ಲಿ ತಂಗಿಗೆ, “ಮೀ ಬಾವಕಿ ಪಿಚ್ಚಿ ಪಟ್ಟಿಂದಿ” ಎಂದಳು.

ಅವಳ ತವರು ಪಾವಗಡದ ನಾಗಲಮಡಿಕೆ ಕಡೆ. ಮನೆಮಾತು ತೆಲುಗು. ನನಗೆ ಹೆಚ್ಚುಕಮ್ಮಿ ಬಯ್ಗುಳವೆಲ್ಲ ಅರ್ಥವಾಗುತ್ತದೆ, ಬಾಯಿಂದ ಒಂದು ವಾಕ್ಯ ಹೊರಡುವುದಿಲ್ಲ. ಹೊರಡುವ ಅಗತ್ಯ ಬೀಳಲಿಲ್ಲ. ಪಾವಗಡದಲ್ಲಿ ಕೆಲಸ ಮಾಡಿದ ಕಾಲದಲ್ಲಿ ಅಂಗಡಿಯವನು, ಬಸ್ಸಿನವನು, ಹಾಲಿನವಳು ಎಲ್ಲರೂ ನನ್ನ ಮುಖ ಕಂಡೊಡನೆ ಕನ್ನಡಕ್ಕೆ ಹೊರಳುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳು ಪಾಠ ಕನ್ನಡದಲ್ಲಿ ಒಪ್ಪಿಸಿ, ಜಗಳ ತೆಲುಗಿನಲ್ಲಿ ಆಡಿ, ತಾಂಡಾದವರಾದರೆ ಮನೆಗೆ ಹೋಗಿ ಲಂಬಾಣಿಯಲ್ಲಿ ಊಟ ಕೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದೇ ಮಕ್ಕಳ ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ, ಯುಗಾದಿಗೆ ಬರುವಾಗ ತಮಿಳನ್ನೋ ಹಿಂದಿಯನ್ನೋ ಜೊತೆಗೆ ತರುತ್ತಿದ್ದರು. ಮೇಸ್ತ್ರಿಯ ಹತ್ತಿರ ಬಟವಾಡೆ ಕೇಳಬೇಕಲ್ಲ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದ ಮೇಲೆ ಟೀ ಅಂಗಡಿಯ ಅಜ್ಜಿಯೂ ಹಿಂದಿಯಲ್ಲೇ ಸಾಲ ವಸೂಲಿ ಮಾಡುತ್ತಾಳೆ. ಇವರಿಗೆ ಯಾವ ಹುಡುಗನೂ ಫೋನಿನಲ್ಲಿ ಬಂದು ನಕ್ಕಿದ್ದಿಲ್ಲ.

ಇಷ್ಟೆಲ್ಲ ಇದ್ದೂ ಬೆಂಗಳೂರಿನ ನೆಂಟರು, “ಪಾವಗಡ ಅಂದ್ರೆ ಆಂಧ್ರ ಅಲ್ವಾ?” ಎನ್ನುವುದು ಬಿಟ್ಟಿಲ್ಲ. ನನಗೆ ಮೈಯುರಿಯುತ್ತದೆ. ಗಡಿಯಾಚೆಯ ಮಡಕಶಿರಾ, ರೊಳ್ಳ, ಅಮರಾಪುರದಲ್ಲಿ ಕನ್ನಡ ಶಾಲೆಗಳಿವೆ ಸ್ವಾಮಿ, ಒಮ್ಮೆ ಹೋಗಿ ನೋಡಿ ಎಂದು ರೇಗಿದರೆ, “ಔದಾ?” ಎಂದು ಪಲ್ಯ ಬಡಿಸಿಕೊಳ್ಳುತ್ತಾರೆ.

ಸರಿ, ಸ್ಪ್ಯಾನಿಷ್ ಕಲಿತು ಮಾತಾಡುವುದು ಯಾರ ಹತ್ತಿರ? ಹೆಂಡತಿಯೇ ದಾರಿ ತೋರಿಸಿದಳು. ಪಾವಗಡದಿಂದ ಕಲ್ಯಾಣದುರ್ಗದ ಮೇಲೆ ಹೋದರೆ ಅನಂತಪುರ. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂತೆ ಫೆರೆರ್ 1969ರಲ್ಲಿ ಅಲ್ಲಿಗೆ ಬಂದು, ಆರ್‌ಡಿಟಿ ಎಂಬ ಗ್ರಾಮೀಣಾಭಿವೃದ್ಧಿ ಸಂಸ್ಥೆ ಕಟ್ಟಿ, 2009ರಲ್ಲಿ ಅಲ್ಲೇ ತೀರಿಕೊಂಡರು. ಇವತ್ತಿಗೂ ಬತ್ತಲಪಲ್ಲಿಯ ದೊಡ್ಡಾಸ್ಪತ್ರೆ ಅವರ ಸಂಸ್ಥೆಯದೇ. ಹಳ್ಳಿಯ ಹುಡುಗ ಹುಡುಗಿಯರಿಗೆ ಸ್ಪ್ಯಾನಿಷ್ ಕಲಿಸುವ ಶಾಲೆಯನ್ನೂ ಆ ಸಂಸ್ಥೆ ಅನಂತಪುರದಲ್ಲಿ ನಡೆಸಿದೆ. ನಾನು ಕನ್ನಡಿ ಮುಂದೆ ನಿಂತು ಒದ್ದಾಡುತ್ತಿದ್ದ ಭಾಷೆ ನನ್ನ ಮಾವನ ಮನೆಯಿಂದ ಎರಡು ಬಸ್ಸಿನ ದೂರದಲ್ಲಿತ್ತು.

ಅವಳ ಕಡೆಯ ಒಂದು ಮದುವೆ ನೆಪದಲ್ಲಿ ಅನಂತಪುರಕ್ಕೆ ಹೋದೆವು. ಊಟದ ಹೋಟೆಲಿನಲ್ಲಿ ಪುಣ್ಯಕ್ಕೆ ನಮ್ಮ ಮೇಜಿಗೇ ಒಬ್ಬ ಬಿಳಿ ಹೆಂಗಸು ಬಂದು ಕೂತಳು. ಕತ್ತಿನ ಪಟ್ಟಿಯಲ್ಲಿದ್ದ ಗುರುತಿನ ಚೀಟಿ ನೋಡಿ ಸ್ಪೇನಿನವಳೆಂದು ಖಾತ್ರಿಯಾಯಿತು. ಗಂಟಲು ಸರಿಮಾಡಿಕೊಂಡು “ಬುವೆನಾಸ್ ತಾರ್ದೆಸ್” ಎಂದೆ. ಅವಳ ಮುಖ ಅರಳಿ, ಒಂದೇ ಉಸಿರಿಗೆ ಏನೇನೋ ಹೇಳಿದಳು. ಒಂದಕ್ಷರ ತಲೆಗೆ ಹೋಗಲಿಲ್ಲ. ಉತ್ತರ ಕೊಡಬೇಕಲ್ಲ? ನನ್ನಲ್ಲಿದ್ದದ್ದೆಲ್ಲ ಚೀಟಿಯ ಭಾಷೆ. ಬಾಗಿಲು ತೋರಿಸಿ “ಲಾ ಪ್ವೆರ್ತಾ” ಎಂದೆ. “ಸೀ” ಎಂದಳು. ಕಿಟಕಿ ತೋರಿಸಿದೆ, “ಲಾ ವೆಂತಾನಾ”. “ಸೀ, ಸೀ” ಎಂದಳು, ತುಸು ಎಚ್ಚರಿಕೆಯಿಂದ. ನೀರಿನ ಜಗ್ಗು ಎತ್ತಿ “ಎಲ್ ಆಗ್ವಾ” ಎಂದೆ, ಗಂಡು ಹೆಣ್ಣು ಸರಿಯಾಗಿ. ಪಾಪ, ಬಾಯಾರಿದೆಯೆಂದುಕೊಂಡು ನನ್ನ ಲೋಟಕ್ಕೆ ನೀರು ಬಗ್ಗಿಸಿ, ನನ್ನ ಹೆಂಡತಿಯ ಕಡೆ ತಿರುಗಿ, “ಮೀದಿ ಏ ಊರಮ್ಮಾ?” ಎಂದಳು.

ಅಚ್ಚ ರಾಯಲಸೀಮೆ ತೆಲುಗು. ಬಂದು ಎಷ್ಟು ಕಾಲವಾಗಿತ್ತೋ! ಆಮೇಲೆ ಅವರಿಬ್ಬರನ್ನು ಹಿಡಿಯುವವರೇ ಇರಲಿಲ್ಲ. ನಾನು ಪಪ್ಪು ಅನ್ನ ಕಲಸಿ ತಿಂದೆ, ಗೋಂಗೂರ ನೆಂಚಿಕೊಂಡೆ, ಮಜ್ಜಿಗೆ ಕುಡಿದೆ, ಬಿಲ್ಲು ಕೊಟ್ಟೆ. ನಡುನಡುವೆ ಇಬ್ಬರೂ ನನ್ನ ಕಡೆ ನೋಡಿ ನಗುತ್ತಿದ್ದರು. ಬಯ್ಗುಳವಲ್ಲದ ತೆಲುಗು ಆದ್ದರಿಂದ ನನಗೆ ತಿಳಿಯಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, “ಏನೇ ಅದು, ಅಷ್ಟೊತ್ತು?”

“ಸ್ಟಾರ್ಟರ್ ಬಾಕ್ಸಿನ ಕಥೆ ಹೇಳ್ದೆ ಕಣ್ರೀ.”

“ನಕ್ಕಳಾ?”

“ನಕ್ಕಳು. ಆಮೇಲೆ ಒಂದು ಬರ್ಕೊಡೋಕಾಗುತ್ತಾ ಕೇಳಿ ಅಂದ್ಳು. ಬೆಳಿಗ್ಗೆ ಹೊತ್ತು ಅವಳ ಸ್ಕೂಟ್ರು ಸ್ಟಾರ್ಟೇ ಆಗಲ್ವಂತೆ.”

“ಸ್ಪ್ಯಾನಿಷ್‌ನಲ್ಲಾ?”

“ಅದು ಹತ್ತಲ್ವಂತೆ. ಕನ್ನಡದಲ್ಲೇ ಬರೀಬೇಕಂತೆ.”